ಕ್ಯಾಮೆರಾ ತಾನೇ ಎಲ್ಲ ಮಾಡುವಾಗ ನಿಮಗೆ ಉಳಿಯುವ ಕೆಲಸ: ಹವ್ಯಾಸಿ ಛಾಯಾಗ್ರಾಹಕರಿಗೆ ಒಂದು ಮಾರ್ಗದರ್ಶಿ

ಫೋನಿನ ಕ್ಯಾಮೆರಾ ತೆರೆದು ಗುಂಡಿ ಒತ್ತಿದರೆ ಸಾಕು, ಕತ್ತಲಲ್ಲೂ ಚಿತ್ರ ಬೆಳಗುತ್ತದೆ, ಮುಖ ಹೊಳೆಯುತ್ತದೆ, ಹಿಂದಿನ ಗೋಡೆ ತಾನಾಗಿಯೇ ಮಸುಕಾಗುತ್ತದೆ. ಒಂದು ಕಾಲಕ್ಕೆ ಇಷ್ಟಕ್ಕೆಲ್ಲ ಒಳ್ಳೆಯ ಲೆನ್ಸು, ಟ್ರೈಪಾಡು, ಜೊತೆಗೆ ಒಂದಷ್ಟು ವರ್ಷಗಳ ಕೈಪಳಗುವಿಕೆ ಬೇಕಿತ್ತು. ಹಾಗಾಗಿ ಫೋಟೊಗ್ರಫಿಯನ್ನು ಹವ್ಯಾಸವಾಗಿ ಹಿಡಿಯಬೇಕೆಂದು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆಯೇ ಇದು: ಎಲ್ಲವನ್ನೂ ಯಂತ್ರವೇ ಮಾಡುವುದಾದರೆ ಇದರಲ್ಲಿ ನನ್ನದೇನು? ಹಳಬರ ನಡುವೆ ಕೂತರೆ ಇದೇ ಮಾತು ದೂರಿನ ದನಿಯಲ್ಲಿ ಬರುತ್ತದೆ, ‘ಈಗ ಯಾರು ಬೇಕಾದರೂ ಫೋಟೊ ತೆಗೀತಾರೆ ಬಿಡಿ’ ಅಂತ.

ಈ ದೂರು ಹೊಸದಲ್ಲ. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ತಮ್ಮ ಕೊಡಾಕ್ ಕ್ಯಾಮೆರಾವನ್ನು ಮಾರಿದ್ದೇ ‘ಗುಂಡಿ ಒತ್ತುವುದು ನಿಮ್ಮ ಕೆಲಸ, ಉಳಿದದ್ದು ನಮ್ಮದು’ ಎಂಬ ಮಾತಿನಿಂದ. ಒಳಗೆ ನೂರು ಚಿತ್ರಗಳಿಗಾಗುವ ರೋಲ್ ಇರುತ್ತಿತ್ತು. ಮುಗಿದ ಮೇಲೆ ಇಡೀ ಕ್ಯಾಮೆರಾವನ್ನೇ ಕಂಪನಿಗೆ ಕಳಿಸಿದರೆ ಅವರು ತೊಳೆದು, ಪ್ರಿಂಟ್ ಹಾಕಿ, ಹೊಸ ರೋಲ್ ತುಂಬಿ ವಾಪಸ್ ಕೊಡುತ್ತಿದ್ದರು. 1977ರಲ್ಲಿ ಕೊನಿಕಾ ಸಿ35 ಎಎಫ್ ಕ್ಯಾಮೆರಾ ಫೋಕಸ್ ಮಾಡುವ ಕೆಲಸವನ್ನು ಜನಸಾಮಾನ್ಯರ ಕೈಯಿಂದ ತೆಗೆದುಕೊಂಡಿತು. 1985ರ ಮಿನೋಲ್ಟಾ 7000 ಅದನ್ನೇ ಎಸ್‌ಎಲ್‌ಆರ್ ಕ್ಯಾಮೆರಾದ (ಲೆನ್ಸು ಬದಲಿಸಬಹುದಾದ ದೊಡ್ಡ ಕ್ಯಾಮೆರಾ) ಮೈಯೊಳಗೆ ತಂದಿತು. ಇನ್ನು ಡಿಜಿಟಲ್ಲು: 1975ರಲ್ಲಿ ಕೊಡಾಕ್‌ನ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದ ಯಂತ್ರ 0.01 ಮೆಗಾಪಿಕ್ಸೆಲ್‌ನ ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಬರೆಯಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಅಲ್ಲಿಂದ ಇಲ್ಲಿಯವರೆಗೆ ಫೋಟೊಗ್ರಾಫರ್ ಮಾಡುತ್ತಿದ್ದ ತೀರ್ಮಾನಗಳು ಒಂದೊಂದಾಗಿ ಯಂತ್ರದ ಪಾಲಾಗುತ್ತ ಬಂದಿವೆ.

ತೀರ್ಮಾನಗಳನ್ನು ಯಂತ್ರಕ್ಕೆ ಬಿಟ್ಟುಕೊಡುವುದರಲ್ಲಿ ತಪ್ಪೇನಿಲ್ಲ. ಏನನ್ನು ಬಿಟ್ಟುಕೊಟ್ಟಿದ್ದೇವೆ ಎಂಬುದೇ ಗೊತ್ತಿಲ್ಲದೆ ಬಿಟ್ಟುಕೊಟ್ಟರೆ ಮಾತ್ರ ಹವ್ಯಾಸದ ಸುಖ ಕೈಜಾರುತ್ತದೆ. ಚಿತ್ರ ಚೆನ್ನಾಗಿ ಬಂದರೂ ಯಾಕೆ ಚೆನ್ನಾಗಿ ಬಂತು ಎಂದು ತಿಳಿಯುವುದಿಲ್ಲ, ಕೆಟ್ಟರೆ ಯಾಕೆ ಕೆಟ್ಟಿತು ಎಂದೂ ತಿಳಿಯುವುದಿಲ್ಲ. ಕೆಳಗಿನ ಕ್ರಮದಲ್ಲಿ, ಒಂದೊಂದಕ್ಕೆ ಒಂದೆರಡು ವಾರ ಕೊಟ್ಟು ಅಭ್ಯಾಸ ಮಾಡಿದರೆ ಯಾವ ತೀರ್ಮಾನ ನಿಮ್ಮ ಕೈಯಲ್ಲೇ ಇರಬೇಕು, ಯಾವುದು ಯಂತ್ರಕ್ಕೆ ಹೋದರೂ ನಷ್ಟವಿಲ್ಲ ಎಂಬುದು ನಿಮಗೇ ಗೊತ್ತಾಗುತ್ತದೆ. ದುಬಾರಿ ಕ್ಯಾಮೆರಾ ಬೇಕಿಲ್ಲ. ಹೆಚ್ಚಿನದೆಲ್ಲ ಫೋನಿನಲ್ಲೇ ಆಗುವಂಥದ್ದು.

1. ಯಾರು ಏನು ತೀರ್ಮಾನಿಸುತ್ತಿದ್ದಾರೆ, ಮೊದಲು ನೋಡಿಕೊಳ್ಳಿ

ಫೋನಿನಲ್ಲಿ ಈಗಾಗಲೇ ಇರುವ ಯಾವುದಾದರೂ ಚಿತ್ರ ತೆರೆದು ಅದರ ವಿವರ ನೋಡಿ. ಶಟರ್ ವೇಗ (ಬೆಳಕು ಒಳಗೆ ಬರುವ ಹೊತ್ತು), ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ), ಅಪರ್ಚರ್ (ಲೆನ್ಸಿನ ಕಂಡಿಯ ಅಳತೆ), ತೆಗೆದ ಸಮಯ, ಕೆಲವೊಮ್ಮೆ ಸ್ಥಳವೂ ಅಲ್ಲಿರುತ್ತದೆ. ಹಗಲಲ್ಲಿ ತೆಗೆದದ್ದು ಒಂದು, ಮನೆಯೊಳಗೆ ತೆಗೆದದ್ದು ಒಂದು, ರಾತ್ರಿಯದ್ದು ಒಂದು, ಈ ಮೂರನ್ನು ಹೋಲಿಸಿ. ಬೆಳಕು ಕಡಿಮೆಯಾದಂತೆ ಶಟರ್ ನಿಧಾನವಾಗುವುದು, ಐಎಸ್‌ಒ ಏರುವುದು ಕಣ್ಣಿಗೆ ಕಾಣುತ್ತದೆ. ಬಹುತೇಕ ಫೋನುಗಳಲ್ಲಿ ಅಪರ್ಚರ್ ಮಾತ್ರ ಬದಲಾಗುವುದೇ ಇಲ್ಲ, ಯಾಕೆಂದರೆ ಅದು ಆ ಲೆನ್ಸಿನಲ್ಲಿ ಒಂದೇ ಅಳತೆಯದ್ದು.

ಆದರೆ ಫೋನು ಮಾಡುವ ಮುಖ್ಯ ಕೆಲಸ ಈ ಅಂಕಿಗಳಲ್ಲಿ ಕಾಣುವುದಿಲ್ಲ. ಕ್ಯಾಮೆರಾ ಆ್ಯಪ್ ತೆರೆದ ಕ್ಷಣದಿಂದಲೇ ಅನೇಕ ಫೋನುಗಳು ಚಿತ್ರ ತೆಗೆಯುತ್ತ, ಹಳೆಯದನ್ನು ಅಳಿಸುತ್ತ ಇರುತ್ತವೆ. ನೀವು ಗುಂಡಿ ಒತ್ತಿದಾಗ ಆ ಸಾಲಿನಿಂದ ಹಲವು ಫ್ರೇಮುಗಳನ್ನು ತೆಗೆದುಕೊಂಡು, ಒಂದರ ಮೇಲೊಂದು ಸರಿಯಾಗಿ ಕೂರಿಸಿ, ಕಾಳುಕಾಳಾದ ಚುಕ್ಕೆಗಳನ್ನು (ನಾಯ್ಸ್) ಅಳಿಸಿ, ನೆರಳನ್ನು ಎತ್ತಿ, ಆಕಾಶವನ್ನು ಕೆಳಗಿಳಿಸಿ ಒಂದೇ ಚಿತ್ರ ಮಾಡಿ ಕೊಡುತ್ತವೆ. 50 ಮೆಗಾಪಿಕ್ಸೆಲ್ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡಿ 12.5 ಮೆಗಾಪಿಕ್ಸೆಲ್‌ನ ಚಿತ್ರ ಉಳಿಸುತ್ತವೆ. ಪೋರ್ಟ್ರೇಟ್ ಮೋಡಿನಲ್ಲಿ ಮಸುಕು ಬರುವುದು ಬಹುಪಾಲು ಲೆನ್ಸಿನಿಂದಲ್ಲ. ಯಾವುದು ಮುಂದಿದೆ, ಯಾವುದು ಹಿಂದಿದೆ ಎಂದು ತಂತ್ರಾಂಶ ಅಂದಾಜು ಮಾಡಿ ಹಿಂದಿನದನ್ನು ಮಸುಕು ಮಾಡುತ್ತದೆ. ಮದುವೆಮನೆಯಲ್ಲಿ ಮಲ್ಲಿಗೆ ದಂಡೆ ಮುಡಿದವರ ಚಿತ್ರವನ್ನು ಈ ಮೋಡಿನಲ್ಲಿ ತೆಗೆದು ದೊಡ್ಡದು ಮಾಡಿ ನೋಡಿ. ಜಡೆಯ ಅಂಚಿನಲ್ಲಿ ಹಾರಾಡುವ ಕೂದಲೆಳೆಗಳು, ದಂಡೆಯ ತುದಿಯ ಒಂದೆರಡು ಮೊಗ್ಗುಗಳು ಹಿಂದಿನ ಗೋಡೆಯೊಳಗೆ ಕರಗಿಹೋಗಿರುವುದು ಸಿಗುತ್ತದೆ.

ಅಂದಾಜು ಎಷ್ಟು ದೂರ ಹೋಗಬಹುದು ಎಂಬುದಕ್ಕೆ 2023ರ ಒಂದು ಪ್ರಸಂಗ ಸಾಕು. ಅಂತರ್ಜಾಲದಲ್ಲಿ ಒಬ್ಬರು ಚಂದ್ರನ ಚಿತ್ರವನ್ನು ಬೇಕೆಂದೇ ಮಸುಕು ಮಾಡಿ ಕಂಪ್ಯೂಟರ್ ಪರದೆಯ ಮೇಲೆ ಇಟ್ಟು, ದೂರದಿಂದ ಸ್ಯಾಮ್‌ಸಂಗ್ ಫೋನಿನಲ್ಲಿ ಫೋಟೊ ತೆಗೆದರು. ಪರದೆಯ ಮೇಲೆ ಇಲ್ಲದ ಕುಳಿಗಳು ಫೋನಿನ ಚಿತ್ರದಲ್ಲಿ ಮೂಡಿದವು. ಇದು ಚಂದ್ರ ಎಂದು ಗುರುತಿಸಿದ ತಂತ್ರಾಂಶ ತಾನು ಕಲಿತ ಚಂದ್ರನ ವಿವರಗಳಿಂದ ಚಿತ್ರವನ್ನು ತಿದ್ದಿತ್ತು.

ಈ ಹಂತದ ಅಭ್ಯಾಸ: ಫೋನಿನ ‘ಪ್ರೊ’ ಮೋಡ್ ಅಥವಾ ಉಚಿತವಾಗಿ ಸಿಗುವ ‘ಓಪನ್ ಕ್ಯಾಮೆರಾ’ದಂಥ ಆ್ಯಪ್‌ನಲ್ಲಿ ರಾ ಫೈಲ್ (ತಿದ್ದುಪಡಿ ಇಲ್ಲದ ಮೂಲ ಚಿತ್ರ) ಉಳಿಸುವ ಆಯ್ಕೆ ಇದ್ದರೆ ಅದನ್ನು ಹಾಕಿಕೊಳ್ಳಿ. ಒಂದೇ ದೃಶ್ಯವನ್ನು ಮಾಮೂಲಿ ಮೋಡಿನಲ್ಲೊಮ್ಮೆ, ರಾ ಫೈಲಾಗಿ ಒಮ್ಮೆ ತೆಗೆಯಿರಿ. ರಾ ಫೈಲು ಸಪ್ಪೆಯಾಗಿ, ಕಾಳುಕಾಳಾಗಿ ಕಾಣುತ್ತದೆ. ಆ ಎರಡರ ನಡುವಿನ ವ್ಯತ್ಯಾಸವೇ ಫೋನು ನಿಮ್ಮ ಪರವಾಗಿ ಮಾಡಿದ ತೀರ್ಮಾನಗಳ ಪಟ್ಟಿ.

2. ಒಂದೇ ಒಂದು ತೀರ್ಮಾನವನ್ನು ವಾಪಸ್ ಪಡೆಯಿರಿ: ಬೆಳಕಿನ ಅಳತೆ

ಹೊಸಬರು ಮಾಡುವುದು ಏನೆಂದರೆ, ಉತ್ಸಾಹದಲ್ಲಿ ಮೊದಲ ದಿನವೇ ಪೂರ್ತಿ ಮ್ಯಾನುಯಲ್‌ಗೆ ಹಾಕಿಕೊಂಡು, ಶಟರ್, ಅಪರ್ಚರ್, ಐಎಸ್‌ಒ, ಫೋಕಸ್ ಎಲ್ಲದರ ಜೊತೆ ಗುದ್ದಾಡಿ, ವಾರದಲ್ಲಿ ಬೇಸತ್ತು ಆಟೊಗೆ ಮರಳುವುದು. ಅದರ ಅಗತ್ಯವಿಲ್ಲ. ಉಳಿದದ್ದೆಲ್ಲ ಕ್ಯಾಮೆರಾಗೇ ಇರಲಿ. ಚಿತ್ರ ಎಷ್ಟು ಬೆಳಗಿರಬೇಕು ಎಂಬುದೊಂದನ್ನು ನೀವು ಹೇಳಿ. ಇದಕ್ಕೆ ಕ್ಯಾಮೆರಾದಲ್ಲಿ ಪ್ಲಸ್ ಮೈನಸ್ ಗುರುತಿನ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಇದೆ. ಫೋನಿನಲ್ಲಾದರೆ ವಸ್ತುವಿನ ಮೇಲೆ ಬೆರಳಿಟ್ಟಾಗ ಬರುವ ಸೂರ್ಯನ ಚಿಹ್ನೆಯನ್ನು ಮೇಲೆ ಕೆಳಗೆ ಎಳೆದರಾಯಿತು.

ಯಾಕೆ ಇದೇ ಮೊದಲು ಎಂದರೆ, ಯಂತ್ರ ಹೆಚ್ಚು ಎಡವುವುದು ಇಲ್ಲೇ. ಬೆಳಕು ಅಳೆಯುವ ಕ್ಯಾಮೆರಾದ ಮೀಟರ್‌ಗೆ ಎದುರಿರುವುದು ಬಿಳಿಯೋ ಕಪ್ಪೋ ತಿಳಿಯದು. ಒಟ್ಟಾರೆ ಚಿತ್ರವನ್ನು ನಡುಬೂದು ಬಣ್ಣದ ಹತ್ತಿರಕ್ಕೆ ತರುವುದು ಅದರ ಹಳೆಯ ಅಭ್ಯಾಸ. ಈಗಿನ ಮೀಟರ್‌ಗಳು ಜಾಣವಾಗಿವೆ, ಆದರೂ ಈ ಎಳೆತ ಪೂರ್ತಿ ಹೋಗಿಲ್ಲ.

ಹತ್ತಿರದ ಕೆರೆಗೆ ಹೋಗಿ ಒಂದು ಬೆಳ್ಳಕ್ಕಿಯನ್ನು ಹುಡುಕಿಕೊಳ್ಳಿ. ಇದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ. ಬೆಳಗಿನ ಬಿಸಿಲಲ್ಲಿ, ನೆರಳು ಬಿದ್ದ ಕಪ್ಪು ನೀರಿನ ಮುಂದೆ ಅದು ನಿಂತಿದ್ದರೆ, ಚೌಕಟ್ಟಿನ ಬಹುಪಾಲು ಕಪ್ಪೇ. ಮೀಟರ್ ಆ ಕಪ್ಪನ್ನು ಬೂದಿಗೆ ಎತ್ತಲು ಹೋಗಿ ಹಕ್ಕಿಯನ್ನು ಸುಡುತ್ತದೆ. ರೆಕ್ಕೆಯ ಪದರಗಳು, ಎದೆಯ ಮೇಲಿನ ನವಿರಾದ ಗರಿಗಳು ಎಲ್ಲ ಸೇರಿ ಒಂದು ಬಿಳಿ ಮಚ್ಚೆ. ಹೀಗೆ ಸುಟ್ಟ ಬಿಳಿಯನ್ನು ಆಮೇಲೆ ಯಾವ ತಂತ್ರಾಂಶವೂ ವಾಪಸ್ ತರಲಾರದು, ಅಲ್ಲಿ ಮಾಹಿತಿಯೇ ಇರುವುದಿಲ್ಲ. ಮೈನಸ್ ಒಂದಕ್ಕೆ ಇಳಿಸಿ, ಬಿಸಿಲು ಖಡಕ್ಕಾಗಿದ್ದರೆ ಇನ್ನೂ ಸ್ವಲ್ಪ. ಗರಿ ಗರಿಯಾಗಿ ಕಾಣತೊಡಗುತ್ತದೆ, ಹಿಂದಿನ ನೀರು ನಿಜವಾಗಿಯೂ ಕಪ್ಪಾಗುತ್ತದೆ. ಅದೇ ಹಕ್ಕಿ ಹಾರಿ ಮಳೆಗಾಲದ ಬೆಳ್ಳನೆಯ ಆಕಾಶದ ಎದುರು ಬಂದರೆ ಕತೆ ತಿರುಗುಮುರುಗು: ಮೀಟರ್ ಆಕಾಶವನ್ನು ಬೂದು ಮಾಡುತ್ತದೆ, ಬೆಳ್ಳಕ್ಕಿ ಮಾಸಲು ಬಣ್ಣಕ್ಕೆ ತಿರುಗುತ್ತದೆ. ಆಗ ಪ್ಲಸ್ ಒಂದು. ಮಾರ್ಚ್-ಏಪ್ರಿಲ್‌ನ ಹೂಮಳೆ ಬಿದ್ದು ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳು ಹೂಬಿಟ್ಟಾಗಲೂ ಹಾಗೆಯೇ, ಚೌಕಟ್ಟು ತುಂಬ ಹೂವಿದ್ದರೆ ಪ್ಲಸ್ ಕಡೆಗೇ ಹೋಗಬೇಕು.

ಕ್ಯಾಮೆರಾದ ಮೆನುವಿನಲ್ಲಿ ಹಿಸ್ಟೊಗ್ರಾಮ್ (ಚಿತ್ರದಲ್ಲಿ ಕಪ್ಪೆಷ್ಟು, ಬಿಳಿ ಎಷ್ಟು ಎಂದು ತೋರಿಸುವ ನಕ್ಷೆ) ಮತ್ತು ಸುಟ್ಟ ಜಾಗ ಮಿನುಗಿ ತೋರಿಸುವ ಎಚ್ಚರಿಕೆ ಎರಡನ್ನೂ ಹಾಕಿಟ್ಟುಕೊಳ್ಳಿ. ಇದು ಡಿಜಿಟಲ್ ನಮಗೆ ಕೊಟ್ಟ ದೊಡ್ಡ ಉಪಕಾರ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಅವರಂಥ ನಮ್ಮ ಹಿರಿಯ ವನ್ಯಜೀವಿ ಛಾಯಾಗ್ರಾಹಕರು ಫಿಲ್ಮಿನಲ್ಲಿ ದುಡಿದ ಕಾಲದಲ್ಲಿ ತಪ್ಪಾಗಿದೆಯೋ ಸರಿಯಾಗಿದೆಯೋ ತಿಳಿಯಲು ರೋಲ್ ತೊಳೆದು ಬರುವವರೆಗೆ ಕಾಯಬೇಕಿತ್ತು. ನಿಮಗೆ ಅದು ಹಕ್ಕಿ ಇನ್ನೂ ಅಲ್ಲೇ ನಿಂತಿರುವಾಗಲೇ ಗೊತ್ತಾಗುತ್ತದೆ.

ಮೀಟರ್ ಇಲ್ಲದೆ ಬೆಳಕನ್ನು ಊಹಿಸುವುದನ್ನೂ ಕಲಿಯಿರಿ, ಇದು ಖುಷಿ ಕೊಡುವ ಅಭ್ಯಾಸ. ನೆತ್ತಿಯ ಮೇಲೆ ತಿಳಿ ಬಿಸಿಲಿರುವಾಗ ಅಪರ್ಚರ್ ಎಫ್/16 ಇಟ್ಟರೆ ಶಟರ್ ವೇಗ ಐಎಸ್‌ಒ ಅಂಕಿಗೆ ಸಮ. ಅಂದರೆ ಐಎಸ್‌ಒ 200ಕ್ಕೆ 1/200 ಸೆಕೆಂಡು. ಎಫ್/8ಕ್ಕೆ ಬಂದರೆ ಕಂಡಿ ದೊಡ್ಡದಾಗುವುದರಿಂದ 1/800. ಹುಣ್ಣಿಮೆ ಚಂದ್ರನಿಗೆ ಇದೇ ಲೆಕ್ಕ ಎಫ್/11ರಲ್ಲಿ. ಚಂದ್ರನ ಮೇಲೆ ಬಿದ್ದಿರುವುದೂ ಬಿಸಿಲೇ ಅಲ್ಲವೇ. ಫೋಟೊ ತೆಗೆಯುವ ಮುಂಚೆ ಮನಸ್ಸಿನಲ್ಲೇ ಒಂದು ಅಂಕಿ ಹೇಳಿಕೊಂಡು, ಆಮೇಲೆ ಕ್ಯಾಮೆರಾ ಏನು ಹೇಳುತ್ತದೆ ನೋಡಿ.

3. ಮಸುಕೂ ಕತ್ತಲೂ ತಪ್ಪೇ ಆಗಬೇಕಿಲ್ಲ

ಆಟೊ ಮೋಡನ್ನು ರೂಪಿಸಿರುವುದು ಹೆಚ್ಚಿನ ಜನ ಹೆಚ್ಚಿನ ಸಲ ಒಪ್ಪುವಂಥ ಚಿತ್ರ ಬರಲಿ ಎಂದು. ಅದರ ಲೆಕ್ಕದಲ್ಲಿ ಅಲುಗಿದ್ದು ತಪ್ಪು, ಕತ್ತಲು ತಪ್ಪು, ಕಾಳು ತಪ್ಪು. ಕಾರ್ತಿಕದ ದೀಪೋತ್ಸವದಲ್ಲಿ ನೈಟ್ ಮೋಡಿನಿಂದ ತೆಗೆದ ಚಿತ್ರ ನೋಡಿದರೆ ಇದು ಅರ್ಥವಾಗುತ್ತದೆ. ಕಂಬದ ಕೆತ್ತನೆ, ಮೂಲೆಯ ಪೊರಕೆ, ನಿಂತವರ ಚಪ್ಪಲಿ ಎಲ್ಲವೂ ಸ್ಪಷ್ಟ. ದೀಪದ ಬೆಳಕು ಮಾತ್ರ ಟ್ಯೂಬ್‌ಲೈಟಿನ ಬೆಳಕಿನಂತಾಗಿರುತ್ತದೆ. ಕತ್ತಲಿದ್ದದ್ದರಿಂದಲೇ ಆ ದೀಪಕ್ಕೆ ಅಂದ ಬಂದಿತ್ತು. ನೈಟ್ ಮೋಡ್ ಬಂದ್ ಮಾಡಿ, ಬೆಳಕನ್ನು ಕೆಳಗೆ ಎಳೆದು, ವೈಟ್ ಬ್ಯಾಲೆನ್ಸನ್ನು (ಬಿಳಿ ಯಾವುದೆಂದು ಕ್ಯಾಮೆರಾಗೆ ಹೇಳುವ ಆಯ್ಕೆ) ಆಟೊದಿಂದ ಬಿಸಿಲಿನ ಚಿಹ್ನೆಗೆ ಹಾಕಿ ಇನ್ನೊಂದು ತೆಗೆಯಿರಿ. ಹಳದಿ ಹಳದಿಯಾಗಿಯೇ ಉಳಿಯುತ್ತದೆ.

ಇದನ್ನು ಚೆನ್ನಾಗಿ ಕಲಿಯಲು ನಮ್ಮಲ್ಲಿ ಯಕ್ಷಗಾನ ಬಯಲಾಟಕ್ಕಿಂತ ಒಳ್ಳೆಯ ಜಾಗ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಿಂದೆ ಕಪ್ಪು ರಾತ್ರಿ, ಮುಂದೆ ಕಣ್ಣು ಕೋರೈಸುವ ಕಿರೀಟ, ಎದೆಪದಕ, ನಡುವೆ ಸುತ್ತುವ ವೇಷ. ಆಟೊ ಮೋಡು ಇಲ್ಲಿ ಪ್ರತಿಯೊಂದರಲ್ಲೂ ಎಡವುತ್ತದೆ. ಕಪ್ಪು ಹಿನ್ನೆಲೆ ನೋಡಿ ಬೆಳಕು ಹೆಚ್ಚಿಸುತ್ತದೆ, ಕಿರೀಟದ ಹೊಳಪು ಸುಡುತ್ತದೆ. ಮುಖ ಗುರುತಿಸುವ ತಂತ್ರಾಂಶ ಬಣ್ಣದ ವೇಷದ ಮುಖವನ್ನು ಕೆಲವೊಮ್ಮೆ ಮುಖವೆಂದೇ ಒಪ್ಪುವುದಿಲ್ಲ. ಒಪ್ಪಿದರೆ ಇನ್ನೂ ಕಷ್ಟ: ಚರ್ಮ ನಯಗೊಳಿಸುವ ಆಯ್ಕೆ ಚಾಲೂ ಇದ್ದರೆ, ಕಲಾವಿದ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಗಂಟೆಗಟ್ಟಲೆ ಕೂತು ಮುಖದ ಮೇಲೆ ಒಂದೊಂದಾಗಿ ಇಟ್ಟ ಚುಟ್ಟಿಯ ಮುಳ್ಳುಗಳನ್ನು ಮೊಡವೆಯಂತೆ ಒರೆಸಿಬಿಡುತ್ತದೆ. ಆ ಆಯ್ಕೆಯನ್ನು ಇವತ್ತೇ ಬಂದ್ ಮಾಡಿ, ಬರೀ ಯಕ್ಷಗಾನಕ್ಕಲ್ಲ, ಯಾವಾಗಲೂ.

ಕ್ಯಾಮೆರಾ ಇದ್ದವರು ಶಟರ್ ವೇಗವನ್ನು ತಾವೇ ಆರಿಸುವ ಮೋಡಿಗೆ ಬನ್ನಿ. ಕೆಲವು ಕ್ಯಾಮೆರಾಗಳಲ್ಲಿ ಅದು ಎಸ್, ಕೆಲವದರಲ್ಲಿ ಟಿವಿ. ಐಎಸ್‌ಒ ಆಟೊ ಇರಲಿ, 6400ರ ಮಿತಿ ಹಾಕಿ. ಬೆಳಕು ಮೈನಸ್ ಒಂದು. ಫ್ಲ್ಯಾಷ್ ಬೇಡವೇ ಬೇಡ, ಕಲಾವಿದರ ಕಣ್ಣಿಗೆ ಹೊಡೆಯುತ್ತದೆ. ಧೀಂಗಿಣ (ಗಿರಗಿರನೆ ಸುತ್ತಿ ಹಾರುವ ಕುಣಿತ) ಹಾಕುವಾಗ ಗಾಳಿಯಲ್ಲಿ ನಿಂತ ದೇಹ ಬೇಕಿದ್ದರೆ 1/500. ಇಷ್ಟಾದ ಮೇಲೆ ಅದೇ ಸುತ್ತನ್ನು 1/15ರಲ್ಲಿ, 1/8ರಲ್ಲಿ ತೆಗೆಯಿರಿ. ಬಟ್ಟೆಯೆಲ್ಲ ಬಣ್ಣದ ಸುಳಿಯಾಗುತ್ತದೆ, ಅದೃಷ್ಟವಿದ್ದರೆ ಮುಖ ಒಂದು ಕ್ಷಣ ನಿಂತಿರುತ್ತದೆ. ಹತ್ತರಲ್ಲಿ ಒಂಬತ್ತು ಹಾಳಾಗುತ್ತವೆ. ಚೆಂಡೆಯ ಪೆಟ್ಟು ಹೇಗೆ ಏರುತ್ತಿದೆ ಎಂದು ಕೇಳುತ್ತ ನಿಂತರೆ ಹಾಳಾಗುವುದು ಕಡಿಮೆಯಾಗುತ್ತ ಬರುತ್ತದೆ, ಯಾಕೆಂದರೆ ಕುಣಿತ ಯಾವಾಗ ತಿರುಗುತ್ತದೆ ಎಂಬುದನ್ನು ಆ ಪೆಟ್ಟು ಮುಂಚೆಯೇ ಹೇಳುತ್ತದೆ. ಕ್ಯಾಮೆರಾಗೆ ಆ ಕಿವಿ ಇಲ್ಲ.

ಎಲ್‌ಇಡಿ ದೀಪಗಳ ಕೆಳಗೆ ಚಿತ್ರದಲ್ಲಿ ಅಡ್ಡಪಟ್ಟಿಗಳು ಬಂದರೆ ಗಾಬರಿ ಬೇಡ. ನಮ್ಮ ಕರೆಂಟು 50 ಹರ್ಟ್ಸ್‌ನದ್ದು, ಹಾಗಾಗಿ ಅನೇಕ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. 1/50 ಅಥವಾ 1/100ಕ್ಕೆ ಬಂದರೆ ಪಟ್ಟಿ ಹೋಗುತ್ತದೆ. ಅದಕ್ಕಿಂತ ವೇಗ ಬೇಕಿದ್ದರೆ ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರ್‌ಗೆ ಬನ್ನಿ, ಮಿನುಗು ತಡೆಯುವ ಆಯ್ಕೆ ಇದ್ದರೆ ಹಾಕಿ.

ಫೋಕಸ್ ವಿಷಯದಲ್ಲಿ ಮಾತ್ರ ನಾನು ಯಂತ್ರದ ಪಕ್ಷ. ಹಾರುವ ಹಕ್ಕಿಯ ಕಣ್ಣನ್ನು ಬೆನ್ನಟ್ಟಿ ಹಿಡಿಯುವ ಈಗಿನ ಆಟೊಫೋಕಸ್ ನಿಜಕ್ಕೂ ಅದ್ಭುತ. ಅದನ್ನು ಸಂಕೋಚವಿಲ್ಲದೆ ಬಳಸಿ, ಉಳಿದ ಗಮನವನ್ನು ಹಿನ್ನೆಲೆಗೆ ಕೊಡಿ.

4. ಲೆಕ್ಕಕ್ಕೆ ಮಿತಿ ಹಾಕಿ

2023ರ ಕೊನೆಗೆ ಸೋನಿ ಪ್ರಕಟಿಸಿದ ಎ9 III ಕ್ಯಾಮೆರಾ ಸೆಕೆಂಡಿಗೆ 120 ಚಿತ್ರ ತೆಗೆಯುತ್ತದೆ. ಕೆಲವು ಕ್ಯಾಮೆರಾಗಳು ನೀವು ಗುಂಡಿ ಒತ್ತುವ ಮುಂಚಿನ ಕ್ಷಣಗಳನ್ನೂ ಉಳಿಸಿಕೊಡುತ್ತವೆ. ಮಿಂಚುಳ್ಳಿ ನೀರಿಗೆ ಮುಳುಗುವ ಕ್ಷಣ ಇದರಿಂದ ಎಷ್ಟೋ ಸುಲಭವಾಗಿದೆ. ಆದರೆ ಮಿಂಚುಳ್ಳಿ ಯಾವ ಕೊಂಬೆಗೆ ಮತ್ತೆ ಮತ್ತೆ ಬರುತ್ತದೆ, ಯಾವ ಹೊತ್ತಿಗೆ ಬೆಳಕು ಆ ಕೊಂಬೆಯ ಮೇಲೆ ಬೀಳುತ್ತದೆ ಎಂಬುದನ್ನು ಕೂತು ನೋಡಿಯೇ ತಿಳಿಯಬೇಕು. ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಫೋಟೊ ತೆಗೆಯುತ್ತಿದ್ದ ಪೂರ್ಣಚಂದ್ರ ತೇಜಸ್ವಿ ಅವರ ಚಿತ್ರಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಹಳೆಯ 35 ಎಂಎಂ ರೋಲಿನಲ್ಲಿ 36 ಚಿತ್ರ. ಚೌಕ ಫ್ರೇಮಿನ ದೊಡ್ಡ ಕ್ಯಾಮೆರಾದ ರೋಲಿನಲ್ಲಿ ಹನ್ನೆರಡೇ. ನೀವೂ ಹೀಗೊಂದು ಕಟ್ಟು ಹಾಕಿಕೊಳ್ಳಿ: ಒಂದು ಸುತ್ತಿಗೆ ಹೊರಟರೆ 36, ಅದಕ್ಕಿಂತ ಹೆಚ್ಚಿಲ್ಲ, ನಡುವೆ ಅಳಿಸುವಂತೆಯೂ ಇಲ್ಲ. ಬರ್ಸ್ಟ್ (ಒಂದರ ಹಿಂದೊಂದು ಸತತವಾಗಿ ತೆಗೆಯುವುದು) ಬೇಕೇಬೇಕಾದ ಕಡೆ ಮೂರು ನಾಲ್ಕು ಫ್ರೇಮಿಗೆ ಬೆರಳು ಎತ್ತಿ. ಹೀಗೆ ಮಾಡಿದಾಗ ಮೊದಲು ಬದಲಾಗುವುದು ನಡಿಗೆ. ಗುಂಡಿ ಒತ್ತುವ ಮುಂಚೆ ಎರಡು ಹೆಜ್ಜೆ ಎಡಕ್ಕೆ ಹೋಗಿ ನೋಡುತ್ತೀರಿ, ಮಂಡಿಯೂರಿ ನೋಡುತ್ತೀರಿ.

ನಿಜವಾದ ಫಿಲ್ಮಿಗೇ ಮರಳಬೇಕೇ ಎಂದು ಕೇಳುವವರಿದ್ದಾರೆ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ಕಪ್ಪುಬಿಳುಪು ರೋಲಿನ ಕಾಲ ಮುಗಿದಿದೆ. ಕೊಡಾಕ್ರೋಮ್ ತಯಾರಿಕೆ 2009ರಲ್ಲೇ ನಿಂತಿತು. ಈಗ ರೋಲೂ ದುಬಾರಿ, ತೊಳೆಯುವವರೂ ವಿರಳ. ಮನೆಯಲ್ಲಿ ಹಳೆಯ ಕ್ಯಾಮೆರಾ ಕೆಲಸ ಮಾಡುವ ಸ್ಥಿತಿಯಲ್ಲಿದ್ದರೆ ಒಂದು ರೋಲ್ ಹಾಕಿ ನೋಡಿ, ಸಂತೋಷವಾಗುತ್ತದೆ. ಕಲಿಯುವುದಕ್ಕಾಗಿ ಅದು ಅನಿವಾರ್ಯವೇನಲ್ಲ.

ತೆಗೆದ ವಾರದಲ್ಲೇ ಆರಿಸಿ. ಮೊದಲ ಸುತ್ತಿನಲ್ಲಿ ಸ್ಪಷ್ಟವಾಗಿ ಕೆಟ್ಟದ್ದು ಹೋಗಲಿ. ಎರಡು ದಿನ ಬಿಟ್ಟು ಎರಡನೇ ಸುತ್ತು. ಆಗ ಇಷ್ಟವಾದ ಮೂರೋ ನಾಲ್ಕೋ ಉಳಿಯಲಿ. ಕಣ್ಣು ಮುಚ್ಚಿದ್ದು, ಮಸುಕಾದದ್ದನ್ನು ಹುಡುಕಿ ಬೇರ್ಪಡಿಸುವ ತಂತ್ರಾಂಶಗಳು ಬಂದಿವೆ. ಮದುವೆಯ ಸಾವಿರಾರು ಚಿತ್ರಗಳಿಗೆ ಅದು ವರದಾನ. ನಿಮ್ಮ 36ಕ್ಕೆ ಬೇಡ. ಆರಿಸುವಾಗಲೇ ನಿಮ್ಮ ರುಚಿ ಏನೆಂದು ನಿಮಗೆ ಗೊತ್ತಾಗುವುದು.

5. ತಿದ್ದುವಾಗ ಒಂದು ಕ್ರಮ

ಜೆಪೆಗ್ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. 14 ಬಿಟ್‌ನ ರಾ ಫೈಲಿನಲ್ಲಿ 16,384. ನೆರಳನ್ನು ಎತ್ತುವಾಗ, ಆಕಾಶವನ್ನು ಇಳಿಸುವಾಗ ಈ ವ್ಯತ್ಯಾಸ ಕೆಲಸಕ್ಕೆ ಬರುತ್ತದೆ. ಹಾಗಾಗಿ ಮುಖ್ಯವಾದ ಚಿತ್ರಗಳನ್ನು ರಾ ಆಗಿಯೇ ತೆಗೆಯಿರಿ. ಫೋನಿನಲ್ಲಿ ಸ್ನ್ಯಾಪ್‌ಸೀಡ್, ಕಂಪ್ಯೂಟರಿನಲ್ಲಿ ಡಾರ್ಕ್‌ಟೇಬಲ್ ಇಲ್ಲವೇ ರಾಥೆರಪಿ, ಮೂರೂ ಉಚಿತ.

ಮೊದಲು ಓರೆ ಸರಿಪಡಿಸಿ, ಬೇಡದ ಅಂಚು ಕತ್ತರಿಸಿ. ಆಮೇಲೆ ವೈಟ್ ಬ್ಯಾಲೆನ್ಸ್, ಆಮೇಲೆ ಬೆಳಕು, ಕೊನೆಗೆ ಬಣ್ಣ. ‘ಆಟೊ’ ಗುಂಡಿಯನ್ನು ಒತ್ತಿ ನೋಡಬಹುದು. ಒತ್ತಿ, ಅದು ಏನೇನು ಬದಲಿಸಿತು ಎಂದು ಗಮನಿಸಿ, ವಾಪಸ್ ಬಂದು ನೀವೇ ಮಾಡಿ. ಸಿದ್ಧ ಪ್ರಿಸೆಟ್‌ಗಳನ್ನು ಕೊಂಡು ಹಚ್ಚಬೇಡಿ; ಬೇರೆ ಊರಿನ ಬೆಳಕಿಗೆ ಹೊಂದಿಸಿದ ಬಣ್ಣ ನಮ್ಮ ಮಲೆನಾಡಿನ ಹಸಿರನ್ನು ಕಂದು ಮಾಡಿದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಎಐ ಬಳಸಿ ಕಾಳು ಅಳಿಸುವ ಸೌಲಭ್ಯ ಈಗ ಬಹಳ ಚೆನ್ನಾಗಿದೆ. ಐಎಸ್‌ಒ 6400ರ ಯಕ್ಷಗಾನದ ಚಿತ್ರಕ್ಕೆ ಧಾರಾಳವಾಗಿ ಬಳಸಿ. ಹಕ್ಕಿಯ ಚಿತ್ರದಲ್ಲಿ ಮಾತ್ರ ಪೂರ್ತಿ ದೊಡ್ಡದು ಮಾಡಿ ಗರಿಗಳನ್ನು ನೋಡಿ. ಮೂಲದಲ್ಲಿ ಫೋಕಸ್ ಇಲ್ಲದ ಕಡೆ ಅದು ತನಗೆ ತೋಚಿದ ಗರಿಯನ್ನು ಬರೆಯಬಹುದು. ಪ್ರಭೇದ ಗುರುತಿಸಲು ಆ ಗರಿಯ ಗೆರೆಯೇ ಆಧಾರವಾಗುವ ಹಕ್ಕಿಗಳಿವೆ. ಮೂಲ ಫೈಲನ್ನು ಎಂದೂ ಅಳಿಸಬೇಡಿ.

6. ಎಲ್ಲಿಯವರೆಗೆ ಎಂಬ ಗೆರೆ ನೀವೇ ಎಳೆಯಿರಿ

2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್ ಸೋನಿ ವರ್ಲ್ಡ್ ಫೋಟೊಗ್ರಫಿ ಅವಾರ್ಡ್ಸ್‌ನ ಒಂದು ವಿಭಾಗದಲ್ಲಿ ಗೆದ್ದು, ತಮ್ಮದು ಎಐ ಸೃಷ್ಟಿಸಿದ ಚಿತ್ರ ಎಂದು ಹೇಳಿ ಬಹುಮಾನ ನಿರಾಕರಿಸಿದರು. ಮರುವರ್ಷ ಇದರ ತಿರುಗುಮುರುಗು ನಡೆಯಿತು: ಮೈಲ್ಸ್ ಆಸ್ಟ್ರೇ ಎಂಬವರು ತಲೆ ಕಾಣದಂತೆ ಮೈಗೆ ಮುಖ ಹುದುಗಿಸಿಕೊಂಡ ರಾಜಹಂಸದ ನಿಜವಾದ ಫೋಟೊವನ್ನು ಇನ್ನೊಂದು ಸ್ಪರ್ಧೆಯ ಎಐ ವಿಭಾಗಕ್ಕೆ ಕಳಿಸಿ ಗೆದ್ದರು, ನಿಜ ಹೇಳಿದ ಮೇಲೆ ಅನರ್ಹಗೊಂಡರು. ಬರಿಗಣ್ಣಿಗೆ ವ್ಯತ್ಯಾಸ ತಿಳಿಯದ ಹಂತಕ್ಕೆ ಬಂದಿದ್ದೇವೆ ಎಂಬುದು ಎರಡೂ ಪ್ರಸಂಗಗಳಿಂದ ಸ್ಪಷ್ಟ. ಹಾಗಾದರೆ ಉಳಿದಿರುವುದು ತೆಗೆದವರ ಮಾತು. ಅದಕ್ಕೆ ಬೆಲೆ ಇರುವಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ.

ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ನಾನು ಏನು ತಿದ್ದುತ್ತೇನೆ, ಏನು ತಿದ್ದುವುದಿಲ್ಲ. ಎಲ್ಲಿಂದ ಶುರು ಮಾಡಬೇಕೆಂದು ತೋಚದಿದ್ದರೆ ಫಿಯಾಪ್ (ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟ), ಅಮೆರಿಕದ ಪಿಎಸ್‌ಎ ಮತ್ತು ಬ್ರಿಟನ್ನಿನ ಆರ್‌ಪಿಎಸ್ ಎಂಬ ಮೂರು ಛಾಯಾಗ್ರಹಣ ಸಂಸ್ಥೆಗಳು 2014ರಲ್ಲಿ ಒಟ್ಟಾಗಿ ಒಪ್ಪಿದ ಪ್ರಕೃತಿ ಛಾಯಾಗ್ರಹಣದ ನಿಯಮ ನೋಡಿ. ಅದರ ತಿರುಳು ಇಷ್ಟು: ಚಿತ್ರದಲ್ಲಿ ಏನನ್ನೂ ಸೇರಿಸುವಂತಿಲ್ಲ, ಜಾಗ ಬದಲಿಸುವಂತಿಲ್ಲ, ಕತ್ತರಿಸುವುದನ್ನು ಬಿಟ್ಟು ಬೇರೆ ದಾರಿಯಲ್ಲಿ ತೆಗೆಯುವಂತಿಲ್ಲ. ಬೆಳಕು ಬಣ್ಣ ಸರಿಪಡಿಸುವುದು ತಪ್ಪಲ್ಲ. ಹಕ್ಕಿಯ ಮುಂದಿನ ಒಂದು ಕಡ್ಡಿಯನ್ನು ಬೆರಳಿನಲ್ಲಿ ಒರೆಸಿ ಅಳಿಸಿದರೆ ಅದು ಈ ವಿಭಾಗಕ್ಕೆ ಸಲ್ಲದು. ಸ್ಪರ್ಧೆಗಳಲ್ಲಿ ರಾ ಫೈಲು ಕೇಳುವುದು ಸಾಮಾನ್ಯ, ಅದಕ್ಕೂ ಮೂಲವನ್ನು ಉಳಿಸಿಡಬೇಕು. ಚಿತ್ರ ಎಲ್ಲಿಂದ ಬಂತು, ಏನೇನು ತಿದ್ದಲಾಯಿತು ಎಂಬುದನ್ನು ಫೈಲಿನೊಳಗೇ ಮೊಹರು ಮಾಡುವ ವ್ಯವಸ್ಥೆಯೂ ಬಂದಿದೆ. 2023ರ ಲೈಕಾ ಎಂ11-ಪಿ ಅದನ್ನು ಅಳವಡಿಸಿಕೊಂಡ ಮೊದಲ ಕ್ಯಾಮೆರಾ.

ಎಐನಿಂದ ಚಿತ್ರ ಮಾಡುವುದರಲ್ಲೂ ಸೃಜನಶೀಲತೆ ಇರಬಹುದು. ಮಾಡುವುದಾದರೆ ಮಾಡಿ, ಅಡಿಯಲ್ಲಿ ಹಾಗೆಂದು ಬರೆಯಿರಿ. ಬೆಟ್ಟದ ಮೇಲೆ ಇಲ್ಲದ ಮೋಡವನ್ನು ತಂದು ಹಾಕಿ ‘ಇವತ್ತಿನ ಮುಳ್ಳಯ್ಯನಗಿರಿ’ ಎನ್ನುವುದು ಮಾತ್ರ ನೋಡುವವರಿಗೆ ಮಾಡುವ ಮೋಸ.

ಇನ್ನೊಂದು ಗೆರೆ ಇದಕ್ಕಿಂತ ಮುಖ್ಯ. ಫೋನು ಚಿತ್ರದೊಳಗೆ ಸ್ಥಳದ ಗುರುತನ್ನು ಸೇರಿಸಿರುತ್ತದೆ. ಗೂಬೆಯ ಪೊಟರೆ, ಗೂಡಿನಲ್ಲಿ ಮರಿಗಳಿರುವ ಹಕ್ಕಿ, ಕಾಡುಪಾಪ, ಇಂಥವುಗಳ ಚಿತ್ರ ಹಂಚುವ ಮುನ್ನ ಅದನ್ನು ತೆಗೆದುಹಾಕಿ. ಒಂದು ಗೂಡಿನ ವಿಳಾಸ ಹೊರಬಿದ್ದರೆ ಮರುದಿನವೇ ಜನ ಕಾರು ಕಟ್ಟಿಕೊಂಡು ಬರುತ್ತಾರೆ. ಹಕ್ಕಿಯ ಕೂಗನ್ನು ಫೋನಿನಲ್ಲಿ ನುಡಿಸಿ ಅದನ್ನು ಹತ್ತಿರ ಕರೆಯುವುದನ್ನೂ ಬಿಡಿ. ಮರಿ ಸಾಕುವ ಹೊತ್ತಿನಲ್ಲಿ ಅದು ಎದುರಾಳಿ ಬಂದನೆಂದು ಗೂಡು ಬಿಟ್ಟು ಬರುತ್ತದೆ.

7. ಪ್ರಿಂಟ್ ಹಾಕಿಸಿ, ಜೋಪಾನ ಮಾಡಿ, ತೋರಿಸಿ

ತಿಂಗಳಿಗೆ ಒಂದಾದರೂ ಚಿತ್ರ ಕಾಗದಕ್ಕೆ ಬರಲಿ. ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕ. 12 ಮೆಗಾಪಿಕ್ಸೆಲ್‌ನ ಫೋನ್ ಚಿತ್ರ 4000 x 3000, ಅಂದರೆ ಸುಮಾರು 13 x 10 ಇಂಚಿಗೆ ಧಾರಾಳ ಸಾಕು. ಗೋಡೆಗೆ ಹಾಕಿ ದೂರದಿಂದ ನೋಡುವುದಾದರೆ ಇನ್ನೂ ದೊಡ್ಡದಾದರೂ ನಡೆಯುತ್ತದೆ. ಲ್ಯಾಬಿನವರಿಗೆ ಫೈಲನ್ನು ಪೆನ್‌ಡ್ರೈವಿನಲ್ಲಿ ಕೊಡಿ. ವಾಟ್ಸ್ಆ್ಯಪ್‌ನಲ್ಲೇ ಕಳಿಸಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೊ ಆಗಿ ಕಳಿಸಿದರೆ ಕುಗ್ಗಿಹೋಗುತ್ತದೆ. ‘ಕಲರ್ ಕರೆಕ್ಷನ್ ಬೇಡ’ ಎಂದು ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಅವರ ಯಂತ್ರ ನಿಮ್ಮ ಕತ್ತಲನ್ನು ಮತ್ತೆ ಬೆಳಗಿಸುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಮನೆಯಿಂದ ಹೊರಗೆ: ಬ್ಯಾಕಪ್‌ಗೆ ಇದೇ ಸರಳ ಕ್ರಮ.

ತೋರಿಸುವುದು ಯಾರಿಗೆ? ಇನ್‌ಸ್ಟಾಗ್ರಾಮಿನಲ್ಲಿ ಯಾವ ಚಿತ್ರ ಯಾರಿಗೆ ಕಾಣಬೇಕೆಂದು ಹೇಳುವುದೂ ಒಂದು ಯಂತ್ರವೇ. ಲೈಕು ಬಂದ ಬಗೆಯ ಚಿತ್ರವನ್ನೇ ಮತ್ತೆ ಮತ್ತೆ ತೆಗೆಯುತ್ತ ಹೋದರೆ, ಕ್ಯಾಮೆರಾದಿಂದ ವಾಪಸ್ ಪಡೆದ ತೀರ್ಮಾನವನ್ನು ಇನ್ನೊಂದು ಬಾಗಿಲಿನಿಂದ ಒಪ್ಪಿಸಿದಂತೆ. ಅಲ್ಲಿ ಹಾಕಿ, ಬೇಡ ಎನ್ನುವುದಿಲ್ಲ. ಜೊತೆಗೆ ಕಣ್ಣೆದುರು ಕೂತು ನೋಡುವ ಮೂರ್ನಾಲ್ಕು ಜನರನ್ನು ಹುಡುಕಿಕೊಳ್ಳಿ. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ಹವ್ಯಾಸಿಗಳನ್ನು ಬೆಳೆಸುತ್ತ ಬಂದಿದೆ. ನಿಮ್ಮ ಊರಿನಲ್ಲೂ ಕ್ಲಬ್ಬೊಂದು ಇರಬಹುದು, ಇಲ್ಲದಿದ್ದರೆ ನಾಲ್ಕು ಜನ ಸೇರಿ ತಿಂಗಳಿಗೊಂದು ಸಂಜೆ ಕೂತರೂ ಆಯಿತು. ಹೋಗುವಾಗ ಹತ್ತೇ ಪ್ರಿಂಟ್ ಒಯ್ಯಿರಿ. ‘ಹೇಗಿದೆ’ ಎಂದು ಕೇಳಬೇಡಿ, ‘ಚೆನ್ನಾಗಿದೆ’ ಎಂದೇ ಉತ್ತರ ಬರುತ್ತದೆ. ಚಿತ್ರವನ್ನು ಅವರ ಕೈಗೆ ಕೊಟ್ಟು, ಏನನ್ನೂ ವಿವರಿಸದೆ, ಮೊದಲು ಕಣ್ಣು ಎಲ್ಲಿಗೆ ಹೋಯಿತು ಎಂದು ಕೇಳಿ. ನೀವು ಅಂದುಕೊಂಡ ಜಾಗಕ್ಕೆ ಹೋಗಿಲ್ಲವಾದರೆ, ಮುಂದಿನ ಸಲ ಅದೇ ದೃಶ್ಯದ ಎದುರು ಎಲ್ಲಿ ನಿಲ್ಲಬೇಕು, ಬೆಳಕನ್ನು ಎಷ್ಟು ಇಳಿಸಬೇಕು ಎಂಬುದನ್ನು ಅಲ್ಲೇ ಬರೆದುಕೊಳ್ಳಿ.